ಬಾವಡಿ ಮೆಟ್ಟಿಲ ಮೇಲೆ ನಾಲ್ಕನೆಯ ಇಯತ್ತೆ

ಡಿಸೆಂಬರ್ ಬಂತೆಂದರೆ ಗೋಳಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಹಾವೇರಿಯ ಮಕ್ಕಳು, ದಾವಣಗೆರೆಯ ಮಕ್ಕಳು, ಇನ್ನೂ ಕೆಳಗಿನ ತುಮಕೂರು, ಮಂಡ್ಯದ ಮಕ್ಕಳು ಇಳಿಯುತ್ತಾರೆ. ಒಂದೇ ಬಣ್ಣದ ಟೋಪಿ, ಕೊರಳಲ್ಲಿ ನೀರಿನ ಬಾಟಲಿ, ಮುಂದೆ ಒಬ್ಬರು ಮಾಸ್ತರು, ಹಿಂದೆ ಒಬ್ಬರು. ಅದೇ ವಾರ ವಿಜಯಪುರದ ಮಕ್ಕಳು ಎಲ್ಲಿರುತ್ತಾರೆ? ಮೈಸೂರಿನ ಅರಮನೆ ಅಂಗಳದಲ್ಲಿ, ಇಲ್ಲವೇ ಮುರ್ಡೇಶ್ವರದ ಕಡಲ ದಂಡೆಯಲ್ಲಿ. ನಡುರಾತ್ರಿ ಹೆದ್ದಾರಿಯಲ್ಲಿ ಎಲ್ಲೋ ಒಂದು ಕಡೆ ಇವರ ಬಸ್ಸು ಅವರ ಬಸ್ಸು ಎದುರುಬದುರಾಗಿ ದಾಟಿ ಹೋಗಿರುತ್ತವೆ.

ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಓಣಿಗಳಲ್ಲಿ ಬೆಳೆಯುವ ಹುಡುಗನನ್ನು ಗೋಳಗುಮ್ಮಟ ನೋಡೀಯೇನೋ ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: "ನೋಡೀನ್ರಿ, ನಮ್ಮ ಮಾಮಾ ಬಂದಾಗ ಹೋಗಿದ್ವಿ." ಮಾಮಾ ಬರದಿದ್ದರೆ ಗುಮ್ಮಟವೂ ಇಲ್ಲ. ಬೀಗರು ಬಂದಾಗ ಹಾಸುವ ಹೊಸ ಜಮಖಾನೆಯ ಹಾಗೆ ಊರಿನ ಸ್ಮಾರಕಗಳನ್ನು ನಾವು ಪರಸ್ಥಳದವರಿಗಾಗಿ ಎತ್ತಿಟ್ಟಿದ್ದೇವೆ. ಪ್ರಾಥಮಿಕ ಶಾಲೆಯ ಮಗುವಿಗೆ ಬೇಕಾದ ಪ್ರವಾಸ ನಾನೂರು ಕಿಲೋಮೀಟರು ದೂರದಲ್ಲಿಲ್ಲ, ಟಂಟಂ ಹತ್ತಿ ಹೋಗಿ ಬಿಸಿಯೂಟದ ಹೊತ್ತಿಗೆ ತಿರುಗಿ ಬರಬಹುದಾದಷ್ಟು ಹತ್ತಿರದಲ್ಲಿದೆ ಎಂಬುದು ನನ್ನ ವಾದ. ಅದನ್ನು ಒಂದು ಸಲ ಅಲ್ಲ, ವರ್ಷಕ್ಕೆ ಮೂರು ಸಲ ನೋಡಬೇಕು ಎಂಬುದು ವಾದದ ಇನ್ನೊಂದು ತುದಿ.

ಇದಕ್ಕೆ ಸರ್ಕಾರದ ಅಡ್ಡಿಯೇನೂ ಇಲ್ಲ. 2019ರ ಮೇ ತಿಂಗಳಲ್ಲಿ ಶಿಕ್ಷಣ ಇಲಾಖೆ ಪಾಟಿಚೀಲದ ತೂಕಕ್ಕೆ ಮಿತಿ ಹಾಕಿತು. ಒಂದು, ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದನೆಯವರೆಗೆ ಎರಡರಿಂದ ಮೂರು ಕಿಲೋ. ಜೊತೆಗೆ ತಿಂಗಳ ಮೂರನೆಯ ಶನಿವಾರ ಚೀಲವೇ ಬೇಡ ಎಂದಿತು. ಮುಂದೆ ಅದು 'ಸಂಭ್ರಮ ಶನಿವಾರ' ಎಂಬ ಹೆಸರಿನಲ್ಲಿ ರೂಢಿಗೆ ಬಂತು. ಚೀಲವಿಲ್ಲದ ಮಕ್ಕಳನ್ನು ಇಡೀ ಮುಂಜಾನೆ ನಾಲ್ಕು ಗೋಡೆಗಳ ನಡುವೆ ಕೂರಿಸಿಕೊಂಡರೆ ಸಂಭ್ರಮ ಯಾರಿಗೆ ಎಂಬುದನ್ನು ಆ ವರ್ಗದ ಅಕ್ಕೋರನ್ನೇ ಕೇಳಬೇಕು. ಹಾಡು, ಕಥೆ, ಚಿತ್ರ ಎಲ್ಲ ಮುಗಿದರೂ ಗಡಿಯಾರದಲ್ಲಿ ಇನ್ನೂ ಒಂಬತ್ತೂವರೆ. ಹೊರಗೆ ಹೊರಡುವುದಕ್ಕೆ ಅದೇ ಸರಿಯಾದ ದಿನ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಶನಿವಾರ ಬಾಗಿಲು ತೆರೆದಿರುತ್ತದೆ. ಇಷ್ಟು ಅನುಕೂಲ ಕೂಡಿಬಂದ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಆದರೆ ಹೊರಡುವ ಮೊದಲು ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಪ್ರಶ್ನೆ ಇಲ್ಲದೆ ಹೋದ ಮಗು ಮಂಗ ನೋಡಿ, ಐಸ್‌ಕ್ರೀಮ್ ತಿಂದು ಬರುತ್ತದೆ. ಅದೂ ಕೆಟ್ಟದ್ದಲ್ಲ ಬಿಡಿ, ಆದರೆ ಅದಕ್ಕೆ ಶಾಲೆ ಬೇಕಿಲ್ಲ.

ಗೋಳಗುಮ್ಮಟಕ್ಕೆ ಒಯ್ಯಬಹುದಾದ ಪ್ರಶ್ನೆ ಸರಳ: ಚೌಕದ ಡಬ್ಬಿಯ ಮೇಲೆ ಗುಂಡನೆಯ ಮುಚ್ಚಳ ಕೂತಿದ್ದು ಹೇಗೆ? ಹೊರಡುವ ಹಿಂದಿನ ದಿನ ವರ್ಗದಲ್ಲಿ ಬಣ್ಣದ ಹಾಳೆ ಹಂಚಬೇಕು. ಪ್ರತಿಯೊಬ್ಬರೂ ಒಂದೇ ಅಳತೆಯ ಎರಡು ಚೌಕ ಕತ್ತರಿಸಿ ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಮೆಲ್ಲಗೆ ತಿರುಗಿಸಬೇಕು. ಕಾಲು ತಿರುವಿನ ಅರ್ಧಕ್ಕೆ ಬಂದಾಗ ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ, ನಡುವೆ ಎಂಟು ಬದಿಯ ಆಕಾರ ಉಳಿಯುತ್ತದೆ. ನಾಲ್ಕು ಬದಿಗಿಂತ ಎಂಟು ಬದಿ ದುಂಡಿಗೆ ಹತ್ತಿರ ಎಂಬುದನ್ನು ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ, ಕಣ್ಣಿಗೇ ಕಾಣುತ್ತದೆ. ಮರುದಿನ ಆ ಹಾಳೆಯ ನಕ್ಷತ್ರ ಹಿಡಿದು ಸಮಾಧಿಯ ಪಕ್ಕ ನಿಂತು ಕತ್ತು ಎತ್ತಿದರೆ, ಗೋಡೆಗಳಿಂದ ಎದ್ದು ಒಂದನ್ನೊಂದು ಕತ್ತರಿಸಿ ಸಾಗುವ ಎಂಟು ಕಮಾನುಗಳು ಅದೇ ನಕ್ಷತ್ರವನ್ನು ಕಲ್ಲು ಗಾರೆಯಲ್ಲಿ ಬರೆದಿವೆ. ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರು ಅಡ್ಡಗಲದ ಗುಮ್ಮಟ ನಡುವೆ ಒಂದೇ ಒಂದು ಕಂಬ ಇಲ್ಲದೆ ನಿಂತಿರುವುದು ಈ ಯುಕ್ತಿಯ ಮೇಲೆ. ಇಲ್ಲಿ ಸಮಾಧಿಯಾಗಿರುವ ಮುಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡ, ದಾಬೂಲದ ಯಾಕೂತ್ ಇದರ ಶಿಲ್ಪಿ ಎಂಬ ಮಾತೆಲ್ಲ ಆಮೇಲೆ ಹೇಳಿದರೂ ನಡೆಯುತ್ತದೆ.

ಗಣಿತದ ಪುಸ್ತಕ ತೆಗೆಯದೆ ಗಣಿತವೂ ಆಗುತ್ತದೆ. ಒಳಗಿನ ಸಭಾಂಗಣದ ಒಂದೊಂದು ಬದಿ ಸುಮಾರು 135 ಅಡಿ. 135ನ್ನು 135ರಿಂದ ಗುಣಿಸಿದರೆ 18,225 ಚದರ ಅಡಿ. ನಮ್ಮ ವರ್ಗದ ಖೋಲಿ 20 ಅಡಿಗೆ 20 ಅಡಿ ಇದ್ದರೆ ಅಂಥ ಖೋಲಿಗಳು ಇಲ್ಲಿ ಎಷ್ಟು ಹಿಡಿದಾವು? ಚದರ ಅಡಿಯ ಲೆಕ್ಕದಲ್ಲಿ ನಲವತ್ತೈದು ಹಿಡಿದು ಸ್ವಲ್ಪ ಜಾಗ ಮಿಗುತ್ತದೆ. ಉತ್ತರ ಸಿಕ್ಕ ಮೇಲೆ ಮಕ್ಕಳು ಆ ನೆಲವನ್ನು ನೋಡುವ ಬಗೆಯೇ ಬದಲಾಗುತ್ತದೆ.

ಇನ್ನು ಮೇಲಿನ ಪಿಸುಮಾತಿನ ಗ್ಯಾಲರಿ. ಮೂಲೆಯ ಬುರುಜಿನ ಕಿರಿದಾದ ಮೆಟ್ಟಿಲು ಹತ್ತಿ ಬಂದವರೆಲ್ಲ ಅಲ್ಲಿ ಮಾಡುವುದು ಒಂದೇ ಕೆಲಸ, ಕಿರುಚುವುದು. ಪಿಸುಮಾತಿಗೆ ಹೆಸರಾದ ಜಾಗದಲ್ಲಿ ಪಿಸುಮಾತು ಕೇಳುವುದೇ ಇಲ್ಲ. ಬೆಳಿಗ್ಗೆ ಬೇಗ, ಪರವೂರ ಬಸ್ಸುಗಳು ಇಳಿಯುವ ಮುಂಚೆ ಹೋದವರಿಗೆ ಮಾತ್ರ ಅದು ದಕ್ಕುತ್ತದೆ. ಗುಮ್ಮಟದ ಒಳ ಅಡ್ಡಗಲ ಸುಮಾರು 38 ಮೀಟರು. ಚಪ್ಪಾಳೆಯ ಸದ್ದು ಆಚೆ ಗೋಡೆಗೆ ಹೋಗಿ ತಿರುಗಿ ಬರಲು 76 ಮೀಟರು ಓಡಬೇಕು. ಸೆಕೆಂಡಿಗೆ 340 ಮೀಟರಿನ ಲೆಕ್ಕದಲ್ಲಿ ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ನಮ್ಮ ಕಿವಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು, ಅಂದರೆ ಗೋಡೆ ಕನಿಷ್ಠ 17 ಮೀಟರು ದೂರ ಇರಬೇಕು. ವರ್ಗದಲ್ಲಿ ಚಪ್ಪಾಳೆ ಹೊಡೆದರೆ ಪ್ರತಿಧ್ವನಿ ಯಾಕೆ ಬರುವುದಿಲ್ಲ, ಇಲ್ಲಿ ಯಾಕೆ ಬರುತ್ತದೆ ಎಂಬುದು ಅಲ್ಲೇ ಇತ್ಯರ್ಥ. ನಾಲ್ಕನೆಯ ಇಯತ್ತೆಗೆ ಭಾಗಾಕಾರ ಬಿಟ್ಟು ಬರೀ ಚಪ್ಪಾಳೆ ಸಾಕು, ಐದನೆಯವರಿಗೆ ಲೆಕ್ಕವನ್ನೂ ಕೊಡಬಹುದು. ಗೋಡೆಗೆ ಬಾಯಿ ಹತ್ತಿರ ಹಿಡಿದು ಆಡಿದ ಮಾತು ಗೋಡೆಯ ಬಳಸು ಹಿಡಿದೇ ಸುತ್ತಿ ಆಚೆ ಬದಿಯ ಗೆಳೆಯನ ಕಿವಿಗೆ ಬೀಳುತ್ತದೆ. ಈ ಪ್ರಯೋಗಕ್ಕೆ ಉಪಕರಣ ಬೇಡ, ಉಳಿದವರು ಐದು ನಿಮಿಷ ಸುಮ್ಮನಿರಬೇಕು. ಅದೇ ಕಷ್ಟದ ಭಾಗ.

ಮಲಿಕ್-ಎ-ಮೈದಾನ್ ತೋಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಮಕ್ಕಳಿಗೆ ಪರಿಚಯಿಸುವ ಮೊದಲೇ ಅವರು ಅದನ್ನು ಗೆಳೆಯನನ್ನಾಗಿ ಮಾಡಿಕೊಂಡಿರುತ್ತಾರೆ. ಸಿಂಹದ ಬಾಯಿ, ಬಾಯಲ್ಲಿ ಸಿಕ್ಕಿಬಿದ್ದ ಆನೆ, ಇಷ್ಟಿದ್ದರೆ ಎಂಟು ವರ್ಷದವರಿಗೆ ಮತ್ತೇನು ಬೇಕು? 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಶಾಲೆಯ ಮೆಟ್ರಿಕ್ ಮೇಳದಲ್ಲಿ ತಕ್ಕಡಿ ಹಿಡಿದು ಕಿಲೋ ಗ್ರಾಂ ಕಲಿತ ಮಗುವಿಗೆ 55 ಟನ್ ಅಂದರೆ ತನ್ನಂಥ ಎಷ್ಟು ಮಂದಿ ಎಂದು ಕೇಳಿದರೆ ಅದು ಸಂಜೆಯವರೆಗೂ ಎಣಿಸುತ್ತಿರುತ್ತದೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗಿಂತ ಮೇಲೆ ಯಾರೂ ಕೂಗಲಿಲ್ಲ, ಕೊನೆಗೆ ಮಾರಾಟ ಕೈಬಿಟ್ಟರು ಎಂಬ ಕಥೆಗೆ ವರ್ಗವೆಲ್ಲ ನಗುತ್ತದೆ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ನೀರಿನ ಹತ್ತಿರ. ವಿಜಯಪುರದ ಮಗು ನಳ ಬರುವ ದಿನವನ್ನು ತಿಥಿಯಂತೆ ನೆನಪಿಟ್ಟುಕೊಂಡು ಬೆಳೆಯುತ್ತದೆ. ಕೊಡ, ಬ್ಯಾರಲ್, ಟ್ಯಾಂಕರ್ ಅದರ ಮೊದಲ ಅಕ್ಷರಮಾಲೆಯೇ. ಕೇಂದ್ರ ಪಠ್ಯಕ್ರಮದ ಐದನೆಯ ತರಗತಿಯ ಪರಿಸರ ಪುಸ್ತಕದಲ್ಲಿ ಬಹುಕಾಲ ಜೈಸಲ್ಮೇರಿನ ಘಡಸೀಸರ್ ಕೆರೆಯ ಪಾಠವಿತ್ತು, ಹಳೆಯ ಕಾಲದವರು ನೀರು ಹೇಗೆ ಕೂಡಿಟ್ಟರು ಎಂದು ತಿಳಿಸುವುದಕ್ಕೆ. ಒಳ್ಳೆಯ ಪಾಠ. ಆದರೆ ನಮ್ಮ ಮಕ್ಕಳು ಅದಕ್ಕಾಗಿ ರಾಜಸ್ಥಾನದ ಚಿತ್ರ ನೋಡಬೇಕಾಗಿಲ್ಲ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಿಜಾಪುರಕ್ಕೆ ಜನ ಒಂದೇ ಸಮನೆ ಬಂದು ಸೇರಿದರು. ಕೋಟೆಯೊಳಗೆ ಹೊಸ ಪೇಟೆಗಳು ಎದ್ದವು. ಮಂದಿ ಹೆಚ್ಚಾದಂತೆ ನೀರಿನ ಚಿಂತೆ ಹೆಚ್ಚಿತು. ಒಂದನೆಯ ಅಲಿ ಆದಿಲ್‌ಶಾಹ ಹೆಂಡತಿ ಚಾಂದಬೀಬಿಯ ಹೆಸರಿನಲ್ಲಿ ಚಾಂದ ಬಾವಡಿ ತೋಡಿಸಿದ್ದು ಆ ಕಾಲದಲ್ಲಿ, ಸುಮಾರು ಎರಡು ಕೋಟಿ ಲೀಟರು ಹಿಡಿಯುವಷ್ಟು ದೊಡ್ಡದು. 1620ರ ತಾಜ ಬಾವಡಿ ಇನ್ನೂ ದೊಡ್ಡದು, ಇನ್ನೂ ಚೆಂದ. ಎರಡು ಬದಿಗೆ ಎಂಟು ಮೂಲೆಯ ಬುರುಜು, ನಡುವೆ ಎತ್ತರದ ಕಮಾನು, ಕಮಾನಿನ ಕೆಳಗಿಂದ ನೀರಿಗೆ ಇಳಿಯುವ ಮೆಟ್ಟಿಲು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ ಸುಲ್ತಾನಾಳ ಹೆಸರು ಇದಕ್ಕಿದೆ. ನಡುವೆ ಎಷ್ಟೋ ವರ್ಷ ಇದು ಗಣಪತಿ ಮೂರ್ತಿಗಳ ಹೂಳು, ಪ್ಲಾಸ್ಟಿಕ್ಕು ತುಂಬಿಕೊಂಡು ಮೂಗು ಮುಚ್ಚಿಕೊಂಡು ದಾಟುವ ಜಾಗವಾಗಿತ್ತು. ಕಳೆದ ದಶಕದಲ್ಲಿ ಹೂಳೆತ್ತಿದ ಮೇಲೆ ಮತ್ತೆ ನೀರಿನ ಬಣ್ಣ ಕಂಡಿತು.

ಇಲ್ಲಿಗೆ ಬರುವ ವರ್ಗಕ್ಕೆ ನಾನು ಸೂಚಿಸುವ ಕೆಲಸ ಒಂದೇ. ಕಟಾಂಜನದ ಈಚೆಗೆ ನಿಂತು ಎದುರಿನ ಗೋಡೆಯಲ್ಲಿ ನೀರಿನಿಂದ ಮೇಲಕ್ಕೆ ಕಾಣುವ ಕಲ್ಲಿನ ವರಸೆಗಳನ್ನು ಎಣಿಸಿ ಪಾಟಿಯ ಮೇಲೆ ಬರೆದುಕೊಳ್ಳಬೇಕು. ಜುಲೈದಾಗ ಒಮ್ಮೆ, ದೀಪಾವಳಿ ದಾಟಿದ ಮೇಲೆ ಒಮ್ಮೆ, ಮಾರ್ಚಿನಲ್ಲಿ ಮುಂಜಾನೆ ಶಾಲೆ ಶುರುವಾಗುವ ಹೊತ್ತಿಗೆ ಇನ್ನೊಮ್ಮೆ. ಮೂರು ಸಲವೂ ಒಂದೇ ಜಾಗದಲ್ಲಿ ನಿಂತು, ಒಂದೇ ಗೋಡೆ. ವರ್ಗದ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೂರು ಪಟ್ಟಿ ಎಳೆದರೆ ಅದು ಮಕ್ಕಳು ತಾವೇ ಮಾಡಿದ ಮೊದಲ ನಕ್ಷೆ. ಮಳೆಗಾಲದಲ್ಲಿ ಏಳುವ ನೀರು ಮೇಲಿಂದ ಬಿದ್ದದ್ದೋ ತಳದ ಸೆಲೆಯಿಂದ ಉಕ್ಕಿದ್ದೋ ಎಂಬ ವಾದ ತಾನಾಗಿ ಹುಟ್ಟುತ್ತದೆ. ಅದಕ್ಕೆ ಉತ್ತರ ಕೊಡಲು ಅವಸರ ಮಾಡಬಾರದು. ಗುಜರಾತಿನ ಗಿಜುಭಾಯಿ ಬಧೇಕಾ ತಮ್ಮ 'ದಿವಾಸ್ವಪ್ನ'ದಲ್ಲಿ ನಾಲ್ಕನೆಯ ವರ್ಗದ ಮಕ್ಕಳ ಜೊತೆಗಿನ ಒಂದು ವರ್ಷವನ್ನು ಬರೆದಾಗ ಮೇಲಧಿಕಾರಿಗಳ ಚಿಂತೆಯೂ ಇದೇ ಆಗಿತ್ತು: ಇವರು ಪಾಠ ಯಾವಾಗ ಮಾಡುತ್ತಾರೆ? ಸುಮಾರು ನೂರು ವರ್ಷವಾದರೂ ಆ ಚಿಂತೆ ಹಾಗೇ ಇದೆ.

ಬಾವಡಿಗೂ ಮುಂದಿನದು ಗಂಜ್. ಪೇಟೆಯ ಸಂದಿಗಳಲ್ಲಿ, ಮನೆಗಳ ನಡುವೆ, ಹೊಗೆಯಿಲ್ಲದ ಭಟ್ಟಿಯ ಹಾಗೆ ನಿಂತ ಹಳೆಯ ಕಲ್ಲಿನ ಗೋಪುರಗಳನ್ನು ಎಲ್ಲರೂ ನೋಡಿದ್ದಾರೆ. ಯಾತಕ್ಕೆ ಅಂತ ಕೇಳಿದವರು ಕಡಿಮೆ. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿ, ಅಲ್ಲಿಂದ ನೆಲದೊಳಗೆ ಮಣ್ಣಿನ ಕೊಳವೆ ಹಾಕಿಸಿ ನೀರು ತಂದ. ಕೊಳವೆಗಳು 15ರಿಂದ 50 ಅಡಿ ಆಳದಲ್ಲಿ, ಸುತ್ತ ಗಾರೆ ಕಲ್ಲಿನ ಹೊದಿಕೆ. ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಈ ಗಂಜ್‌ಗಳು. ನೀರು ಗೋಪುರದೊಳಗೆ ಏರಿ ನಿಂತಾಗ ಒತ್ತಡ ಇಳಿಯುತ್ತದೆ, ಕೊಳವೆ ಒಡೆಯುವುದಿಲ್ಲ. ನಿಂತ ನೀರಿನ ರಾಡಿ ತಳಕ್ಕೆ ಕೂತು ತಿಳಿ ನೀರು ಮುಂದೆ ಸಾಗುತ್ತದೆ. ಇನ್ನು ಪಶ್ಚಿಮಕ್ಕೆ ತೊರವಿಯಿಂದ ಬಂದದ್ದು ಬೇರೆಯೇ ದಾರಿ, ನೆಲದಡಿಯ ಸುರಂಗ, ಅಲ್ಲಲ್ಲಿ ಗಾಳಿಗೆ ಬಾವಿಯಂಥ ಬಾಯಿ. ಕರೇಜ್ ಎಂಬ ಈ ಪದ್ಧತಿ ಪರ್ಷಿಯಾ ಕಡೆಯದು, ಬೀದರಿನಲ್ಲೂ ಇದೆ. ಮೋಟಾರು ಇಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಬಂಡವಾಳ. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳು ಸೇರಿದ್ದು ಇಂಥ ಕೆಲಸಗಳ ಕಾರಣಕ್ಕೆ.

ಇದನ್ನು ಮಕ್ಕಳಿಗೆ ತಿಳಿಸುವ ಸಾಮಾನು ಮನೆ ಕಟ್ಟುವ ಗೌಂಡಿಯ ಚೀಲದಲ್ಲಿದೆ. ಲೆವಲ್ ನೋಡುವ ಪಾರದರ್ಶಕ ಪೈಪನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು, ನೀರು ತುಂಬಿ, ಒಂದು ತುದಿ ಅಂಗಳದ ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ ಹಿಡಿಸಬೇಕು. ಎಷ್ಟು ಸುತ್ತಿದರೂ ಎಷ್ಟು ಬಗ್ಗಿಸಿದರೂ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿ ಕೆಳಗಿಳಿಸಿದರೆ ಚಿಮ್ಮುತ್ತದೆ, ಅಂಗಿ ತೋಯುತ್ತದೆ, ಗದ್ದಲವಾಗುತ್ತದೆ. ಜೋರಾಪುರ ಪೇಟೆಯಲ್ಲಿ ಗೌಂಡಿ ಕೆಲಸದವರ ಮಕ್ಕಳು ಯಾವ ವರ್ಗದಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಆ ದಿನ ಅವರೇ ಗುರುಗಳು. ಯಾವತ್ತೂ ಹಿಂದಿನ ಸಾಲಿನಲ್ಲಿ ಕೂರುವ ಹುಡುಗ "ಹಂಗ ಹಿಡೀಬ್ಯಾಡ್ರೋ, ಗಾಳಿ ಹೊಗತದ" ಎಂದು ಮುಂದೆ ಬರುವುದನ್ನು ನೋಡುವುದಕ್ಕಾದರೂ ಈ ಪ್ರಯೋಗ ಮಾಡಬೇಕು.

ಶಾಲೆಗಳಲ್ಲಿ ನಡೆಸುವ ಮಕ್ಕಳ ಸಂತೆಯಲ್ಲೂ ಹೀಗೇ. ಮೆಂತ್ಯ, ಕೊತ್ತಂಬರಿ ಸಿವುಡು, ಲಿಂಬಿಹಣ್ಣು, ಚುರುಮುರಿ ಹರವಿಕೊಂಡು ಕೂತ ಮಕ್ಕಳಲ್ಲಿ ಯಾರ ಮನೆಯಲ್ಲಿ ಕಿರಾಣಿ ಅಂಗಡಿ ಇದೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅವರು ಚಿಲ್ಲರೆ ಮೊದಲೇ ತಂದಿರುತ್ತಾರೆ. ಈ ಸಂತೆಗಳ ಒಂದು ತೊಂದರೆ ಎಂದರೆ ಕೊಳ್ಳುವವರೆಲ್ಲ ಅವ್ವ, ಅಪ್ಪ, ಅಕ್ಕೋರು. ಕೊಸರಾಡುವವರೇ ಇಲ್ಲದಿದ್ದರೆ ಅದೆಂಥ ಸಂತೆ? ಒಂದು ಮುಂಜಾನೆ ನಿಜವಾದ ಮಾರುಕಟ್ಟೆಗೆ ಕರೆದೊಯ್ದು ಬೆಲೆ ಬರೆಸಿಕೊಂಡು ಬಂದರೆ ಲಾಭ-ನಷ್ಟದ ಪಾಠ ಬೇಗ ತಲೆಗೆ ಹೋಗುತ್ತದೆ.

ಹಾಗೆ ನೋಡಿದರೆ ನಮ್ಮ ಕಡೆ ಶಾಲೆ ಹುಟ್ಟುವ ಮೊದಲೇ ಹೊರಸಂಚಾರದ ದಿನವೊಂದಿತ್ತು, ಎಳ್ಳ ಅಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ ಉಣ್ಣುವ ದಿನ. ಹಳ್ಳಿಯ ಕಡೆ ಹೊಲ ಇದ್ದವರು ಹೋಗುತ್ತಾರೆ, ಪೇಟೆಯಲ್ಲೇ ಬೆಳೆದ ಮಕ್ಕಳು ಉಳಿಯುತ್ತಾರೆ. ಅದರ ಹಿಂದೆಯೋ ಮುಂದೆಯೋ ಒಂದು ಶನಿವಾರ ಬಬಲೇಶ್ವರದ ದಾರಿಯ ಯಾವುದಾದರೂ ಪಾಲಕರ ಎರೆಹೊಲಕ್ಕೆ ವರ್ಗವನ್ನೇ ಕರೆದೊಯ್ದರೆ, ಜೋಳ ಯಾವುದು, ಕಡಲೆ ಯಾವುದು, ಕುಸುಬೆ ಯಾವುದು ಎಂಬ ಪರೀಕ್ಷೆಯಲ್ಲಿ ಸಿಟಿಯ ಎಷ್ಟೋ ಮಕ್ಕಳು ನಪಾಸು. ಸೀತನಿ ಸುಟ್ಟು ಕೊಟ್ಟ ಮೇಲೆ ಜೋಳ ಮಾತ್ರ ಮರೆಯುವುದಿಲ್ಲ.

ಫೆಬ್ರುವರಿ, ಮಾರ್ಚಿನಲ್ಲಿ ತಿಕೋಟಾ ಕಡೆ ಹೋಗಬೇಕು. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಹಂತ ಹಂತವಾಗಿ ಕಟ್ಟಿದ ಜಾಳಿಗೆಯ ಮೇಲೆ ಹಸಿರು ಗೊಂಚಲು ಹರವಿರುತ್ತಾರೆ. ಹರವುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ, ಸಿಪ್ಪೆಯ ಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಹೊರಹೋಗಲಿ ಎಂದು. ನೆರಳಲ್ಲಿ ಎರಡು ವಾರದ ಆಸುಪಾಸು ಒಣಗಿದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ಗಾಳಿಗೆ. ನಳ ಯಾವಾಗ ಬರುತ್ತದೆ ಎಂದು ಕಾಯುವ ಊರಿನಿಂದ ಬಂದ ಮಕ್ಕಳಿಗೆ ಈ ಉತ್ತರ ತುಸು ಬೇಸರ ತರುತ್ತದೆ. ಮೊದಲು ಈ ಬಳ್ಳಿಗಳಿಗೆ ನೀರು ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಕೊಳವೆಬಾವಿಯಿಂದ, ಟ್ಯಾಂಕರಿನಿಂದ, ಈಗೀಗ ಕೃಷ್ಣೆಯಿಂದ ಎತ್ತಿ ತಂದ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ. ಸೋಲಾಪುರ ರಸ್ತೆಯ ಕಡೆ ತಿಡಗುಂದಿಯಲ್ಲಿ ಕಂಬಗಳ ಮೇಲೆ ಹದಿನಾಲ್ಕು ಕಿಲೋಮೀಟರಿಗೂ ಉದ್ದಕ್ಕೆ ಕಾಲುವೆಯೇ ಆಕಾಶದಲ್ಲಿ ಹೋಗುತ್ತದೆ. ಹಿಂದಿನವರು ನೆಲದಡಿ ತಂದರು, ಇಂದಿನವರು ತಲೆಯ ಮೇಲೆ.

ಬಸ್ಸಿನ ಪ್ರವಾಸ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಿಟಕಿ ಪಕ್ಕದ ಸೀಟಿಗಾಗಿ ಜಗಳಾಡುವ ಹಕ್ಕು ಎಲ್ಲ ಮಕ್ಕಳಿಗೂ ಇದೆ. ಆದರೆ 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿದ ಮೇಲೆ ದೂರದ ಪ್ರವಾಸ ಎಂದರೆ ಪಾಲಕರ ಎದೆ ಹೊಡೆದುಕೊಳ್ಳುತ್ತದೆ, ಮಾಸ್ತರರ ಎದೆ ಅದಕ್ಕಿಂತ ಹೆಚ್ಚು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ರಾತ್ರಿ ಪ್ರಯಾಣ, ಆಳ ನೀರು ಎರಡೂ ಇಲ್ಲದ ದಾರಿಯೇ ಲೇಸು. ನೀರಿನ ಪಾಠ ಬಾವಡಿಯಿಂದ ಶುರುವಾದ ವರ್ಗಕ್ಕೆ ವರ್ಷದ ಒಂದು ಬಸ್ಸು ಆಲಮಟ್ಟಿಗೆ ಹೊರಡಬಹುದು. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲು ಇಟ್ಟ ಅಣೆಕಟ್ಟು, 26 ಗೇಟು, ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ. ಸಂಗೀತ ಕಾರಂಜಿ ನೋಡದೆ ಮಕ್ಕಳು ಏಳುವುದಿಲ್ಲ, ಅದು ಹಚ್ಚುವುದೋ ಕತ್ತಲಾದ ಮೇಲೆ. ಹಾಗಾಗಿ ಕಾರಂಜಿಯ ಆಸೆಯನ್ನು ಮೊದಲೇ ಬಿಡಿಸಿ, ರಾಕ್ ಗಾರ್ಡನ್ ತೋರಿಸಿ, ನಾಲ್ಕು ಗಂಟೆಗೆ ಬಸ್ಸು ಹತ್ತಿಸಬೇಕು. ಹೋಗುವಾಗ ಒಂದು ಕೆಲಸ ಕೊಟ್ಟಿರಬೇಕು: ಊರಿನ ಎತ್ತರ ಎಷ್ಟು, ಅಣೆಕಟ್ಟಿನ ನೀರಿನ ಎತ್ತರ ಎಷ್ಟು ಎಂದು ಮೊಬೈಲಿನ ನಕಾಶೆಯಲ್ಲಿ ನೋಡಿ ಬರೆದುಕೊಳ್ಳುವುದು. ಊರೇ ಮೇಲಿದೆ ಎಂದು ಗೊತ್ತಾದ ಕೂಡಲೇ ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತದೆ: "ಸರ್ರ, ಹಂಗಾರ ನೀರು ಮ್ಯಾಲ ಹೆಂಗ ಹತ್ತತದ್ರಿ?"